ನೀರು ಕೊಟ್ಯಾ ಅಂದೆ, ಅಜ್ಜ ಕೇಳಲಿಲ್ಲ ಅಂದ

ಅಕ್ಕನ ಹದಿನಾರು ವರ್ಷದ ಮಗಳು ಮನೆಗೆ ಬಂದವರನ್ನು ಮಾತಾಡಿಸುವುದಿಲ್ಲ, ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಈಗಿನ ಪಾಲಕರು ಮಕ್ಕಳನ್ನು ಬೆಳೆಸುವ ರೀತಿಯೇ ಇದಕ್ಕೆ ಕಾರಣ ಅಲ್ವಾ, ಸ್ವಲ್ಪ ಬಿಗಿ ಮಾಡು ಅಂತ ಅಕ್ಕನಿಗೆ ಹೇಳಲಾ ಅಂತ ಕೇಳಿದ್ದೀರಿ. ಹೇಳಬೇಡಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾನು ಬಿಗಿಯೂ ಮಾಡಿ ನೋಡಿದ್ದೆ.

ನಾನು ಶಿರಸಿ ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಯಜಮಾನರಿಗೆ ಗೋವಾದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ನನಗೆ ಇಲ್ಲೇ ಆಫೀಸು. ಒಬ್ಬನೇ ಮಗ. ಏಳು ವರ್ಷದ ಹಿಂದೆ, ಮೇ ತಿಂಗಳು, ಅವನು ಒಂಬತ್ತನೇ ಕ್ಲಾಸು ಮುಗಿಸಿ ರಜೆಯಲ್ಲಿ ಮನೆಯಲ್ಲಿದ್ದ. ಆಗ ನನ್ನ ಅಪ್ಪಯ್ಯನಿಗೆ ಎಪ್ಪತ್ತನಾಲ್ಕು. ಜಮೀನಿನ ಕಾಗದದ ಏನೋ ಕೆಲಸಕ್ಕೆ ಕಾರವಾರಕ್ಕೆ ಬರಬೇಕಿತ್ತು. ಬೆಳಿಗ್ಗೆ ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲೆ ದಾಟಿ ಬಂದಿದ್ದಾರೆ. ಕೆಲಸ ಬೇಗ ಮುಗಿಯಿತು. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ.

ಮಗ ಬಾಗಿಲು ತೆಗೆದ. "ಅಮ್ಮ ಆಫೀಸಿಗೆ ಹೋಗಿದ್ದಾಳೆ" ಅಂದ. ಅಪ್ಪಯ್ಯ ಒಳಗೆ ಬಂದು ಕೂತರು. ಇವನು ತನ್ನ ಕೋಣೆಗೆ ಹೋದ.

ಅಷ್ಟೇ. ಎರಡೂವರೆ ಗಂಟೆ ಅವರು ಹಾಲಿನಲ್ಲಿ ಒಬ್ಬರೇ ಕೂತಿದ್ದರು. ಕಾರವಾರದ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ಗೊತ್ತು, ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಒಂದು ಲೋಟ ನೀರು ಇಲ್ಲ. ಅಡುಗೆಮನೆ ಹತ್ತು ಹೆಜ್ಜೆ ದೂರ, ಆದರೆ ಮಗಳ ಮನೆಯ ಅಡುಗೆಮನೆಗೆ ತಾವೇ ಹೋಗಿ ಬಗ್ಗಿಸಿಕೊಂಡು ಕುಡಿಯುವ ಕ್ರಮ ನಮ್ಮ ಅಪ್ಪಯ್ಯನಿಗೆ ಇಲ್ಲ. ಮೂರೂವರೆಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋದರು. ನಾನು ಆರು ಗಂಟೆಗೆ ಮನೆಗೆ ಬಂದಾಗ ಕುರ್ಚಿಯ ಮೇಲೆ ಹಪ್ಪಳದ ಕಟ್ಟು ಕಂಡಿತು.

"ಅಜ್ಜ ಬಂದಿದ್ರಾ? ನೀರು ಕೊಟ್ಯಾ?" ಅಂತ ಕೇಳಿದೆ.

"ಅಜ್ಜ ಕೇಳ್ಲಿಲ್ಲ" ಅಂದ.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಆಮೇಲೆ "ಆಸ್ರಿಗೆ ಎಂತ ಬೇಕು", ಅಂದರೆ ಕುಡಿಯಲು ಏನು ಬೇಕು ಅನ್ನುವ ಮಾತು, ಊಟವಾದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆ. ಅಂಥ ಮನೆಯ ಯಜಮಾನರು ಸ್ವಂತ ಮಗಳ ಮನೆಯಲ್ಲಿ ಬಾಯಿ ಒಣಗಿಸಿಕೊಂಡು ಕೂತು ಹೋಗಿದ್ದಾರೆ. ನನಗೆ ತಲೆ ಕೆಟ್ಟುಹೋಯಿತು. ಮಗನಿಗೆ ಬಾಯಿಗೆ ಬಂದಂತೆ ಬೈದೆ. ಹದಿನೈದು ದಿನ ಮೊಬೈಲ್ ಕಿತ್ತುಕೊಂಡೆ. ಅಕ್ಕನಿಗೆ, ಅತ್ತಿಗೆಗೆ, ಎಲ್ಲರಿಗೂ ಫೋನ್ ಮಾಡಿ ಅವನಿಗೆ ಕೇಳುವಂತೆ ಹೇಳಿದೆ, ಈಗಿನ ಮಕ್ಕಳಿಗೆ ಮರ್ಯಾದೆ ಅನ್ನುವುದೇ ಇಲ್ಲ ಅಂತ. ನೀವು ಈಗ ಬರೆದಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಮಾತುಗಳು.

ನಾನು ಮಾಡಿದ ನಿಜವಾದ ತಪ್ಪು ಇದಾದ ಮೇಲಿನದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ.

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. "ಅವನಿಗೆ ಗೊತ್ತಾಗ್ಲಿಲ್ಲ, ಅವನ ಪರವಾಗಿ ನಾನು ತಪ್ಪಾಯ್ತು ಹೇಳ್ತಿದ್ದೆ" ಅಂದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಡ್ಡಿಲ್ಲೆ ಕೂಸೆ. ಮಾಣಿಗೆ ಫೋನ್ ಕೊಡು" ಅಂದರು. ಮಾಣಿ ಅಂದರೆ ನಮ್ಮ ಕಡೆ ಹುಡುಗ. ನಾನು "ಅವನು ಓದ್ತಾ ಇದ್ದ" ಅಂದೆ. ಅವನು ಓದುತ್ತಿರಲಿಲ್ಲ. ನನ್ನ ಎದುರಿಗೇ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಪಾಗಿತ್ತು. ಕೈ ಚಾಚಿದರೆ ಫೋನ್ ಅವನ ಕೈಗೆ ಸಿಗುತ್ತಿತ್ತು.

ಯಾಕೆ ಕೊಡಲಿಲ್ಲ? ಅವನು ಏನೂ ಮಾತಾಡದೆ ಸುಮ್ಮನಿದ್ದುಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ ಅಂತ. ಕ್ಷಮೆ ಕೇಳಬೇಕಾದ ಹುಡುಗ ಅಲ್ಲೇ ಇದ್ದಾನೆ, ಕೇಳಿಸಿಕೊಳ್ಳಬೇಕಾದವರು ಫೋನಿನ ಆ ಕಡೆ ಇದ್ದಾರೆ, ಅವರೇ ಅವನನ್ನು ಕರೆಯುತ್ತಿದ್ದಾರೆ, ನಡುವೆ ನಾನು ನಿಂತು ಇಬ್ಬರ ಮಾತನ್ನೂ ನಾನೇ ಆಡಿ ಮುಗಿಸಿದೆ.

ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು, ನಾನು ಇದನ್ನು ಆ ರಾತ್ರಿ ಮಾತ್ರ ಮಾಡಿದ್ದಲ್ಲ. ಅವನಿಗೆ ಮೂರು ವರ್ಷವಾದಾಗಿನಿಂದ ಮಾಡುತ್ತ ಬಂದಿದ್ದೆ. ಯಾರಾದರೂ "ನಿನ್ನ ಹೆಸರೇನೋ" ಅಂದರೆ ನಾನು ಹೇಳುತ್ತಿದ್ದೆ. "ಎಷ್ಟನೇ ಕ್ಲಾಸು" ಅಂದರೆ ನಾನು ಹೇಳುತ್ತಿದ್ದೆ. ಡಾಕ್ಟರು "ಎಲ್ಲಿ ನೋವು ಪುಟ್ಟಾ" ಅಂತ ಅವನ ಮುಖ ನೋಡಿ ಕೇಳಿದರೂ ನಾನೇ "ನಿನ್ನೆಯಿಂದ ಗಂಟಲು ಸಾರ್" ಅನ್ನುತ್ತಿದ್ದೆ. ಕೂದಲು ಕತ್ತರಿಸುವ ಅಂಗಡಿಯಲ್ಲೂ ಎಷ್ಟು ಗಿಡ್ಡ ಅಂತ ನಾನೇ ಹೇಳಬೇಕು. ನೆಂಟರು ಬಂದಾಗ ಅವನು ಲೋಟ ಹಿಡಿದು ಹೊರಟರೆ "ಚೆಲ್ತೆ, ಇಲ್ಲಿ ಕೊಡು" ಅಂತ ಕಿತ್ತುಕೊಂಡು ನಾನೇ ಕೊಡುತ್ತಿದ್ದೆ. ಮಕ್ಕಳು ಉತ್ತರ ಕೊಡುವ ಮೊದಲು ಒಂದೆರಡು ಸೆಕೆಂಡು ಸುಮ್ಮನಿರುತ್ತಾರೆ, ನೋಡಿದ್ದೀರಾ? ಮಾತು ಹುಡುಕುತ್ತಿರುತ್ತಾರೆ. ಆ ಎರಡು ಸೆಕೆಂಡು ನನಗೆ ತಡೆಯುತ್ತಿರಲಿಲ್ಲ. ಎದುರಿಗಿದ್ದವರು ಏನಂದುಕೊಳ್ಳುತ್ತಾರೋ ಅಂತ ನಾನು ನಡುವೆ ಬಾಯಿ ಹಾಕುತ್ತಿದ್ದೆ, ಆಮೇಲೆ "ಅವನಿಗೆ ಸ್ವಲ್ಪ ನಾಚಿಕೆ" ಅಂತ ಬೇರೆ ಸೇರಿಸುತ್ತಿದ್ದೆ. ಹನ್ನೆರಡು ವರ್ಷ ಹೀಗೆ ಮಾಡಿದರೆ ಹುಡುಗನಿಗೆ ಏನು ಅರ್ಥವಾಗುತ್ತದೆ? ಮನೆಗೆ ಬಂದವರನ್ನು ಮಾತಾಡಿಸುವುದು ಅಮ್ಮನ ಕೆಲಸ, ತನ್ನದಲ್ಲ ಅಂತ. ಅವನು "ಅಮ್ಮ ಇಲ್ಲ" ಅಂದು ಒಳಗೆ ಹೋಗಿದ್ದು ಅದಕ್ಕೇ. ಅವನ ಲೆಕ್ಕದಲ್ಲಿ ಬಂದವರಿಗೆ ಬೇಕಾದವರು ಮನೆಯಲ್ಲಿರಲಿಲ್ಲ.

ನಾನು ಬಿ.ಎಡ್ ಓದಿದವಳು. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಪಾಲಕರನ್ನು ಮೂರು ಬಗೆಯಾಗಿ ವಿಂಗಡಿಸಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹೇಳಿದಷ್ಟು ಕೇಳು ಅನ್ನುವವರು ಒಂದು, ಏನು ಬೇಕಾದರೂ ಮಾಡು ಅಂತ ಬಿಡುವವರು ಇನ್ನೊಂದು, ನಿಯಮ ಇಟ್ಟು ಅದಕ್ಕೆ ಕಾರಣವನ್ನೂ ಹೇಳಿ ಮಗುವಿನ ಮಾತನ್ನೂ ಕೇಳುವವರು ಮೂರನೆಯದು. ಈ ಮೂರನೆಯವರ ಮಕ್ಕಳೇ ಹೆಚ್ಚು ಸ್ವಂತ ಕಾಲ ಮೇಲೆ ನಿಲ್ಲುವವರು ಅಂತ ಅವರು ಕಂಡುಕೊಂಡಿದ್ದರು. ನಾನು ಮೂರನೆಯ ಬಗೆ ಅಂತಲೇ ನಂಬಿದ್ದೆ. ನಾನು ನಿಯಮವನ್ನೂ ಇಟ್ಟಿರಲಿಲ್ಲ, ಕಾರಣವನ್ನೂ ಹೇಳಿರಲಿಲ್ಲ. ಅವನ ಪಾಲಿನದನ್ನೆಲ್ಲ ನಾನೇ ಮಾಡಿ ಮುಗಿಸುತ್ತಿದ್ದೆ.

ಈಗ ನಿಮ್ಮ ಪ್ರಶ್ನೆಯ "ಈಗಿನ" ಅನ್ನುವ ಶಬ್ದಕ್ಕೆ ಬರುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ಮನೆಗೆ ಬಂದವರಿಗೆ ಬನ್ನಿ, ಚೆನ್ನಾಗಿದ್ದೀರಾ ಅಂದರೆ ನಿಮ್ಮ ಐಶ್ವರ್ಯ ಹಾರಿಹೋಗುತ್ತಾ, ಕೂತುಕೊಳ್ಳಿ ಅಂದರೆ ನೆಲ ಗುಂಡಿ ಬೀಳುತ್ತಾ ಅಂತ ಬಸವಣ್ಣನವರು 12ನೇ ಶತಮಾನದಲ್ಲಿ ಕೇಳಿದ್ದು ಯಾರಿಗೆ? ಆಗ ಮೊಬೈಲ್ ಇರಲಿಲ್ಲ, ಕೆಲಸಕ್ಕೆ ಹೋಗುವ ಅಮ್ಮಂದಿರ ಮೇಲೆ ಗೂಬೆ ಕೂರಿಸುವ ಹಾಗೂ ಇರಲಿಲ್ಲ. ಬಾಗಿಲಿಗೆ ಬಂದವರನ್ನು ಮಾತಾಡಿಸದ ಜನ ಆಗಲೂ ಇದ್ದರು.

ಇನ್ನು ಬಿಗಿಯ ವಿಷಯ. ನಮ್ಮ ಕಾಲದಲ್ಲಿ ಮಾಸ್ತರು ಹೊಡೆಯುತ್ತಿದ್ದರು, ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಹೊಡೆಯುವ ಹಾಗಿಲ್ಲ, ಅದಕ್ಕೇ ಮಕ್ಕಳು ಹಾಳಾದರು ಅನ್ನುವವರು ನಮ್ಮ ನೆಂಟರಲ್ಲೂ ಇದ್ದಾರೆ. ನನ್ನ ಅಣ್ಣ ಚಿಕ್ಕವನಿದ್ದಾಗ ಕೋಲಿನಲ್ಲಿ ಹೊಡೆತ ತಿಂದೇ ಬೆಳೆದ. ಬಂದವರ ಕಾಲಿಗೆ ಬೀಳುತ್ತಿದ್ದ, ಕೈ ಕಟ್ಟಿ ನಿಲ್ಲುತ್ತಿದ್ದ, ಊರಿನವರೆಲ್ಲ ಮಾಣಿ ಅಂದ್ರೆ ಹೀಗಿರಬೇಕು ಅನ್ನುತ್ತಿದ್ದರು. ಅವನಿಗೆ ಈಗ ಐವತ್ತೆರಡು. ಇವತ್ತಿಗೂ ಅಪ್ಪಯ್ಯನ ಎದುರು ಕೂತು ಹತ್ತು ನಿಮಿಷ ಮಾತಾಡುವುದಿಲ್ಲ. ಅಪ್ಪಯ್ಯ ಜಗಲಿಗೆ ಬಂದರೆ ಇವನು ಹಿತ್ತಲ ಕಡೆ ಹೋಗುತ್ತಾನೆ. ಅದು ಮರ್ಯಾದೆ ಅಲ್ಲ, ಹೆದರಿಕೆ. ಅಪ್ಪಯ್ಯನಿಗೂ ಅದು ಗೊತ್ತು, ಈ ವಯಸ್ಸಿನಲ್ಲಿ ಅದು ಅವರಿಗೆ ನೋವು ಕೊಡುತ್ತದೆ.

ಆಗಿನ ಮನೆಯಲ್ಲಿ ಒಳ್ಳೆಯದು ಬೇರೇನೋ ಇತ್ತು. ಹನ್ನೊಂದು ಜನರ ಮನೆ, ವಾರಕ್ಕೆ ಮೂರು ದಿನ ಯಾರಾದರೂ ಬರುತ್ತಿದ್ದರು, ಮಕ್ಕಳಿಗೆ ಅದರಲ್ಲಿ ಒಂದೊಂದು ಕೆಲಸ ಇರುತ್ತಿತ್ತು. ಕಾಲಿಗೆ ನೀರು ಕೊಡುವುದು ನನ್ನದು. ಚಾಪೆ ಹಾಸುವುದು ತಂಗಿಯದು. ಕವಳದ ತಟ್ಟೆಗೆ ಎಲೆ ಒರೆಸಿ ಇಡುವುದು ಅಣ್ಣನದು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನೀರು ಕೊಡುವಾಗ ಬಂದವರು "ಯಾರ ಮಗಳೇ ನೀನು" ಅನ್ನುತ್ತಿದ್ದರು, ನಾನು ಹೇಳುತ್ತಿದ್ದೆ, ಹಾಗೆ ಮಾತು ಬಂತು. ಈಗ ನಮ್ಮ ಮನೆಗೆ ಬರುವವರು ಮೊದಲೇ ಫೋನ್ ಮಾಡಿ ಬರುತ್ತಾರೆ, ಅಷ್ಟು ಹೊತ್ತಿಗೆ ನಾನು ಎಲ್ಲ ತಯಾರು ಮಾಡಿ ಇಟ್ಟಿರುತ್ತೇನೆ. ಮಗನಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಅಪ್ಪಯ್ಯ ಅದಾದ ಮೇಲೆ ಕಾರವಾರಕ್ಕೆ ಬರಲಿಲ್ಲ. ಸಿಟ್ಟಿನಿಂದ ಅಂತಲ್ಲ, ಕರೆದಾಗೆಲ್ಲ ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದರು. ಆಮೇಲೆ ಮೊಣಕಾಲು ನೋವು ಶುರುವಾಯಿತು, ಘಟ್ಟದ ಬಸ್ಸಿನಲ್ಲಿ ಕೂರುವುದು ಆಗುವುದಿಲ್ಲ. ಈಗ ಎಂಬತ್ತೊಂದು. ಅವರು ನಮ್ಮ ಮನೆಗೆ ಬಂದ ಕೊನೆಯ ಸಲ ಅದೇ. ಮಗನೂ ಅಜ್ಜನ ಮನೆ ಅಂದರೆ ಏನಾದರೂ ನೆಪ ಹೇಳುತ್ತಿದ್ದ. ಸುಮಾರು ಎರಡು ವರ್ಷ ಇಬ್ಬರೂ ಮುಖ ನೋಡಲಿಲ್ಲ. ಫೋನು ನಾನು ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಮುಗಿಯುವ ವಿಷಯ.

ಅವನು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಊರಿನಲ್ಲಿ ನಮ್ಮ ದಾಯಾದಿಗಳ ಮನೆಯಲ್ಲಿ ಉಪನಯನ ಇತ್ತು. ನನಗೆ ಜ್ವರ. ಯಜಮಾನರಿಗೆ ರಜೆ ಸಿಗಲಿಲ್ಲ. ಮನೆಯಿಂದ ಒಬ್ಬರಾದರೂ ಹೋಗಬೇಕಲ್ಲ, ಇವನೊಬ್ಬನನ್ನೇ ಬಸ್ಸಿಗೆ ಹತ್ತಿಸಿದೆ. ಅಲ್ಲಿ ಹೀಗೆ ಮಾತಾಡು, ಇವರಿಗೆ ನಮಸ್ಕಾರ ಮಾಡು ಅಂತ ಪಟ್ಟಿ ಹೇಳಲು ಬಾಯಿ ತೆರೆದವಳು, ಗಂಟಲು ಕಟ್ಟಿದ್ದರಿಂದ ಹೇಳಲು ಆಗಲಿಲ್ಲ. ಅದು ಒಳ್ಳೆಯದೇ ಆಯಿತು ಅಂತ ಈಗ ಅನ್ನಿಸುತ್ತದೆ.

ಅಲ್ಲಿ ನಡೆದದ್ದನ್ನು ಅತ್ತಿಗೆ ಆಮೇಲೆ ಹೇಳಿದ್ದು. ಇವನು ಹೋಗಿ ಚಪ್ಪರದ ಕಂಬದ ಹತ್ತಿರ ನಿಂತಿದ್ದನಂತೆ. ಊಟದ ಹೊತ್ತಿಗೆ ಅಪ್ಪಯ್ಯ ಅವನನ್ನು ಕರೆದು ಕೈಯಲ್ಲಿ ಉಪ್ಪಿನ ಬಟ್ಟಲು ಕೊಟ್ಟು "ತಮಾ, ಉಪ್ಪು ನಿಂದು" ಅಂದರಂತೆ. ಬೇರೆ ಏನೂ ಹೇಳಲಿಲ್ಲ. ನಮ್ಮಲ್ಲಿ ಮಕ್ಕಳು ಬಡಿಸುವುದು ಶುರು ಮಾಡುವುದೇ ಉಪ್ಪಿನಿಂದ, ನೀರಿನಿಂದ. ಉಪ್ಪು ಬಡಿಸುವವನು ಪಂಕ್ತಿಯ ಪ್ರತಿ ಎಲೆಯ ಎದುರು ಬಗ್ಗಬೇಕು. ಎಡ ಮೂಲೆಯಲ್ಲಿ ಅಷ್ಟೇ ಅಷ್ಟು ಹಾಕಬೇಕು. ಬೇಡ ಅನ್ನುವವರು ಕೈ ಅಡ್ಡ ಹಿಡಿಯುತ್ತಾರೆ, ಅದನ್ನು ನೋಡಬೇಕು. ಯಾರಿಗೂ ತಪ್ಪಬಾರದು. ನೂರಾರು ಜನರ ಮುಖ ನೋಡದೆ ಆ ಕೆಲಸ ಮಾಡಲು ಸಾಧ್ಯವೇ ಇಲ್ಲ. ಮೂರು ಪಂಕ್ತಿ ಬಡಿಸಿದನಂತೆ. ಮೂರನೇ ಪಂಕ್ತಿಯಲ್ಲಿ ಒಬ್ಬ ಅಜ್ಜಿ "ಯಾರ ಮಗನೋ" ಅಂದರೆ ಅವನೇ ಹೇಳಿದನಂತೆ, ನನ್ನ ಹೆಸರು, ಅಪ್ಪಯ್ಯನ ಹೆಸರು, ಎಲ್ಲ.

ಅವನು ಅಜ್ಜನ ಹತ್ತಿರ ತಪ್ಪಾಯ್ತು ಅಂದನಾ, ಇಲ್ಲವಾ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಒಂದು ವಿಷಯ ಮಾತ್ರ ಅವನೇ ಹೇಳಿದ. ರಾತ್ರಿ ಜಗಲಿಯಲ್ಲಿ ಮಲಗಿದ್ದಾಗ ಅಜ್ಜ ಅಂದರಂತೆ, "ಆ ದಿನ ನೀನು ಫ್ಯಾನ್ ಹಾಕಿದ್ದೆ ಅಲ್ದಾ ತಮಾ, ತಂಪಾಗಿತ್ತು." ನನಗೆ ಆ ಫ್ಯಾನಿನ ವಿಷಯ ಗೊತ್ತೇ ಇರಲಿಲ್ಲ. ಅಜ್ಜ ಬಂದು ಕೂತ ಕೂಡಲೇ ಇವನು ಫ್ಯಾನ್ ಜೋರು ಮಾಡಿ, ಕಿಟಕಿಯ ಪರದೆ ಎಳೆದು, ಸುಸ್ತಾಗಿದ್ದಾರೆ, ಮಲಗಲಿ ಅಂತ ಒಳಗೆ ಹೋಗಿದ್ದನಂತೆ. ಅವನಿಗೆ ತಿಳಿದ ಮಟ್ಟಿಗೆ ಅದೇ ಮರ್ಯಾದೆ, ದೊಡ್ಡವರಿಗೆ ತೊಂದರೆ ಕೊಡಬಾರದು ಅನ್ನುವುದು. ನೀರು ಬೇಕಾದರೆ ಕೇಳುತ್ತಾರೆ ಅಂದುಕೊಂಡಿದ್ದ. ಅಜ್ಜನ ಕಾಲದವರು ಕೇಳುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಆ ದಿನ ಬೈಯುವ ಮೊದಲು ಏನಾಯಿತು ಅಂತ ಒಂದು ಸಲ ಕೇಳಿದ್ದರೆ ಅವನೇ ಹೇಳುತ್ತಿದ್ದ.

ಅದಕ್ಕೇ ಅಕ್ಕನಿಗೆ ಬುದ್ಧಿ ಹೇಳಲು ಹೋಗಬೇಡಿ ಅಂದಿದ್ದು. ನೀವು ಬುದ್ಧಿ ಹೇಳಿದರೆ ಅಕ್ಕ ಆ ಹುಡುಗಿಯನ್ನು ನಿಮ್ಮ ಎದುರೇ ಬೈಯುತ್ತಾರೆ, ಅವಳು ನಿಮ್ಮನ್ನು ಕಂಡರೆ ಇನ್ನೂ ಒಳಗೆ ಹೋಗುತ್ತಾಳೆ. ಮುಂದಿನ ಸಲ ಹೋದಾಗ ಅಕ್ಕನನ್ನು ಯಾವುದಾದರೂ ಕೆಲಸ ಹೇಳಿ ಅರ್ಧ ಗಂಟೆ ಅಂಗಡಿಗೆ ಕಳಿಸಿ. ಹುಡುಗಿಯ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ, ಬಾಯಾರಿಕೆ ಆಗ್ತಿದೆ, ಒಂದು ಲೋಟ ನೀರು ಕೊಡ್ತೀಯಾ, ಹಾಗೇ ನನಗೂ ನಿನಗೂ ಚಹಾ ಮಾಡ್ತೀಯಾ ಅಂತ. ಅವಳು ಉತ್ತರ ಕೊಡಲು ತಡ ಮಾಡಿದರೆ ಕಾಯಿರಿ. ಎಷ್ಟು ಮಾರ್ಕ್ಸು, ಯಾಕಿಷ್ಟು ದಪ್ಪ ಆದೆ, ಮುಂದೇನು ಓದ್ತೀಯ ಅಂತ ಮಾತ್ರ ಕೇಳಬೇಡಿ. ಹತ್ತು ವರ್ಷದಿಂದ ನೆಂಟರೆಲ್ಲ ಅವಳನ್ನು ಕೇಳಿದ್ದು ಅದನ್ನೇ ಇರಬಹುದು, ಹಾಗಿದ್ದರೆ ಅವಳು ತಲೆ ಎತ್ತದೆ ಇರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಚಹಾ ಹೇಗೇ ಇರಲಿ, ಪೂರ್ತಿ ಕುಡಿಯಿರಿ. ಅಕ್ಕ ವಾಪಸ್ ಬಂದು "ಅಯ್ಯೋ, ಇವಳು ಮಾಡಿದ್ದಾ, ತಡಿ, ನಾನು ಬೇರೆ ಮಾಡಿಕೊಡ್ತೇನೆ" ಅಂದರೆ ಬೇಡ ಅನ್ನಿ.