ಪದ ಶುರುವಾದ ಸಮಯ ನೋಡಿ, ಫಲಿತಾಂಶ ಬಂದ ಸಮಯವಲ್ಲ
ಮಾತು, ಬೆರಳು ಎರಡರಿಂದಲೂ ನಡೆಯುವ ನಿಮ್ಮ ಆ್ಯಪ್‌ನಲ್ಲಿ "ಇದನ್ನು ಅಲ್ಲಿಡು" ಅಂತ ಹೇಳುತ್ತಾ ಪರದೆಯತ್ತ ಬೆರಳು ತೋರಿಸಿದರೆ ಬೇರೆ ಯಾವುದೋ ವಸ್ತು ಆಯ್ಕೆಯಾಗುತ್ತದೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕೋಡ್ ಮಾತನ್ನು ಗುರುತಿಸಿದ ಫಲಿತಾಂಶ ಬಂದ ಮೇಲೆ ಬೆರಳು ಎಲ್ಲಿದೆ ಅಂತ ನೋಡುತ್ತಿರಬೇಕು. ಅಷ್ಟರಲ್ಲಿ ಬೆರಳು ಮುಂದೆ ಹೋಗಿಬಿಟ್ಟಿರುತ್ತದೆ, ಅಲ್ವಾ? ಬೆರಳಿನ ಜಾಗವನ್ನು ಸಮಯದ ಸಮೇತ ಕೆಲವು ಸೆಕೆಂಡ್ ಬಫರ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳಿ. ಬಹಳಷ್ಟು ಸ್ಪೀಚ್ ಎಂಜಿನ್‌ಗಳು (ಮಾತನ್ನು ಅಕ್ಷರವಾಗಿಸುವ ಸಾಫ್ಟ್‌ವೇರ್‌ಗಳು) ಒಂದೊಂದು ಪದದ ಸಮಯವನ್ನೂ ಕೊಡುತ್ತವೆ. "ಇದನ್ನು" ಶುರುವಾದ ಹೊತ್ತಿಗೆ ಬೆರಳು ಎಲ್ಲಿ ನಿಂತಿತ್ತು ಅಂತ ಹುಡುಕಿ. ಆ ಕ್ಷಣಕ್ಕಿಂತ ಸ್ವಲ್ಪ ಹಿಂದಿನ ಹೊತ್ತನ್ನೇ ಜಾಸ್ತಿ ನೋಡಿ, ಜನ ಸಾಮಾನ್ಯವಾಗಿ ಮೊದಲು ತೋರಿಸಿ ಆಮೇಲೆ ಬಾಯಿ ಬಿಡುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ರಿಚರ್ಡ್ ಬೋಲ್ಟ್ 1980ರಲ್ಲೇ ಇಂಥದ್ದನ್ನು ಮಾಡಿ ತೋರಿಸಿದ್ದರು, ಹೊಸ ತಲೆನೋವೇನಲ್ಲ. ವಸ್ತುಗಳು ತೀರಾ ಒತ್ತಾಗಿದ್ದರೆ ಸುಮ್ನೆ ಊಹಿಸಬೇಡಿ, "ಆ ಕೆಂಪು ಚೌಕ" ಅಂತ ಬಣ್ಣವನ್ನೂ ಹೇಳಿಸಿ.