ಜಾತ್ರೆ ಬೇಡ, ದ್ವೀಪ ಸಾಕು

ಪ್ರಶ್ನೆ: ನಾನು, ನಮ್ಮ ಯಜಮಾನರು ಇಬ್ಬರೂ ನಿವೃತ್ತರು. ಮೆಡಿಟರೇನಿಯನ್ ದ್ವೀಪವೊಂದರಲ್ಲಿ ಒಂದು ವಾರ ಸುಮ್ನೆ ಕೂತು ಬರುವ ಆಸೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪ ನೋಡಿ ಬಂದ ಮಗಳು 'ಜಾತ್ರೆ ಥರ ಇತ್ತಮ್ಮ' ಅಂದಳು. ಜನ ಕಡಿಮೆ ಇರುವ ಜಾಗ ಯಾವುದು? ನಾವು ಸಸ್ಯಾಹಾರಿಗಳು.
– ಓದುಗರು, ಮೈಸೂರು

ಉತ್ತರ: ಕ್ರೊಯೇಷಿಯಾದ ವಿಸ್ ದ್ವೀಪಕ್ಕೆ ಹೋಗಿ. ಮೆಡಿಟರೇನಿಯನ್ನಿನದೇ ಕವಲಾದ ಏಡ್ರಿಯಾಟಿಕ್ ಸಮುದ್ರದಲ್ಲಿದೆ. ಕ್ರೊಯೇಷಿಯಾ ಯುಗೊಸ್ಲಾವಿಯಾದ ಭಾಗವಾಗಿದ್ದ ಕಾಲದಲ್ಲಿ ಈ ದ್ವೀಪ ಸೇನಾ ನೆಲೆ. 1989ರವರೆಗೆ ವಿದೇಶಿಯರನ್ನು ಒಳಗೇ ಬಿಡುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ದ್ವೀಪಗಳಲ್ಲಿ ದೊಡ್ಡ ಹೋಟೆಲ್‌ಗಳು ಏಳುತ್ತಿದ್ದಾಗ ಇಲ್ಲಿ ದ್ರಾಕ್ಷಿ ತೋಟ, ಮೀನುಗಾರಿಕೆ ಅಷ್ಟೇ ಉಳಿಯಿತು. ಸ್ಪ್ಲಿಟ್ ನಗರದಿಂದ ಫೆರಿಯಲ್ಲಿ ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಷ್ಟು ದೂರ ಅನ್ನುವುದೇ ಅರ್ಧ ಜನರನ್ನು ತಡೆಯುತ್ತದೆ.

ಜುಲೈ, ಆಗಸ್ಟ್ ಮಾತ್ರ ಬೇಡ. ಆಗ ಇಲ್ಲೂ ದೋಣಿಗಳ ಸಾಲು. ಸೆಪ್ಟೆಂಬರ್ ಕೊನೆಗೆ ಹೋದರೆ ನೀರು ಇನ್ನೂ ಬೆಚ್ಚಗೆ, ರೂಮಿನ ಬಾಡಿಗೆಯೂ ಕಡಿಮೆ. ಉಳಿಯಲು ಪಶ್ಚಿಮದ ಕೊಮಿಜಾ ಊರು ನನಗೆ ಇಷ್ಟ. ಫೆರಿ ಇಳಿಯುವ ವಿಸ್ ಪೇಟೆಯಿಂದ ಅಲ್ಲಿಗೆ ಬಸ್ಸಿದೆ. ನಮ್ಮ ಕಡಲತೀರದ ಮರಳು ಇಲ್ಲಿ ಅಪರೂಪ, ಹೆಚ್ಚಾಗಿ ಉರುಟು ಕಲ್ಲು. ಇಬ್ಬರಿಗೂ ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ.

ಎಲ್ಲರೂ ಪಕ್ಕದ ಪುಟ್ಟ ದ್ವೀಪ ಬಿಶೆವೊದ ನೀಲಿ ಗುಹೆಗೆ ಹೋಗಿ ಅನ್ನುತ್ತಾರೆ. ಬೆಳಕು ಚಂದವೇ. ಆದರೆ ಸರದಿಯಲ್ಲಿ ಕಾದು ಕೆಲವೇ ನಿಮಿಷ ಒಳಗಿದ್ದು ಬರುವುದು. ಮಗಳು ಹೇಳಿದ ಜಾತ್ರೆ ಅದೇ ಅಲ್ವಾ? ನಾನಾದರೆ ಬಿಟ್ಟುಬಿಡುತ್ತೇನೆ.

ಇನ್ನು ಊಟ. ಬೇಕರಿಯಲ್ಲಿ ಪೊಗಾಚಾ ಅಂತ ಸಿಗುತ್ತದೆ. ಎರಡು ಪದರ ರೊಟ್ಟಿಯ ನಡುವೆ ಈರುಳ್ಳಿ, ಕೊಮಿಜಾದಲ್ಲಾದರೆ ಟೊಮೆಟೊ ಕೂಡ. ನೋಡಿದರೆ ತರಕಾರಿಯದೇ ಅನ್ನಿಸುತ್ತದೆ, ಒಳಗೆ ಉಪ್ಪು ಮೀನಿರುತ್ತದೆ, ಹುಷಾರು! 'ಬೆಝ್ ಮೆಸಾ, ಬೆಝ್ ರಿಬೆ' ಅನ್ನಲು ಕಲಿಯಿರಿ: ಮಾಂಸ ಬೇಡ, ಮೀನು ಬೇಡ. ಬ್ಲಿಟ್ವಾ ಕೇಳಿ. ಬೀಟ್‌ರೂಟ್ ಜಾತಿಯದೇ ಸೊಪ್ಪನ್ನು ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಬೇಯಿಸುತ್ತಾರೆ. ಒಗ್ಗರಣೆಯಿಲ್ಲದ ಸೊಪ್ಪಿನ ಪಲ್ಯ ಅಂದುಕೊಳ್ಳಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು, ಚಟ್ನಿಪುಡಿ ಒಯ್ದರೆ ನಿಶ್ಚಿಂತೆ.

2023ರ ಜನವರಿಯಿಂದ ಕ್ರೊಯೇಷಿಯಾದಲ್ಲಿ ಯೂರೊ ನಡೆಯುತ್ತದೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ವಾಪಸ್ ವಿಮಾನಕ್ಕೆ ಮುಂಚಿನ ರಾತ್ರಿ ಸ್ಪ್ಲಿಟ್‌ನಲ್ಲೇ ಉಳಿಯಿರಿ. ಗಾಳಿ ಜೋರಾದರೆ ದೋಣಿ ನಿಂತುಬಿಡಬಹುದು.