ಅತಂತ್ರ ಫಲಿತಾಂಶ ಬಂದರೆ ಯಾರು ಯಾರ ಜೊತೆ ಸೇರುತ್ತಾರೆ? ನಾನು ಲೆಕ್ಕ ಹಾಕುವ ರೀತಿ

ನಿಮ್ಮ ಪ್ರಶ್ನೆ ಓದಿದೆ. ಅತಿ ದೊಡ್ಡ ಪಕ್ಷವನ್ನು ಹಿಡಿದು, ಅದಕ್ಕೆ ಹತ್ತಿರದ ಪಕ್ಷಗಳನ್ನು ಒಂದೊಂದಾಗಿ ಕೂಡಿಸುತ್ತಾ ಹೋಗುತ್ತೇನೆ, ಮ್ಯಾಜಿಕ್ ನಂಬರ್ ದಾಟಿದ ಕೂಡಲೇ ನಿಲ್ಲಿಸುತ್ತೇನೆ, ಆದರೂ ಊಹೆ ತಪ್ಪುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕೂಡುವ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಯಾರಿಗೆ ಎಷ್ಟು ಸೀಟು ಅಂತ ನೋಡುವಾಗಲೇ, ಯಾರಿಗೆ ಎಷ್ಟು ದಾರಿ ಇದೆ ಅಂತಲೂ ನೋಡಬೇಕು. ಸಮ್ಮಿಶ್ರ ಸರ್ಕಾರದ ಚೌಕಾಸಿಯಲ್ಲಿ ಬಲ ಇರುವುದು ಬೇರೆ ದಾರಿ ಇರುವವರ ಕೈಯಲ್ಲಿ.

ನ್ಯೂಜಿಲೆಂಡಿನ 2017ರ ಫಲಿತಾಂಶವನ್ನು ಕಾಗದದ ಮೇಲೆ ಬರೆದು ನೋಡಿ. ಒಟ್ಟು 120 ಸೀಟು, ಬಹುಮತಕ್ಕೆ 61 ಬೇಕು. ನ್ಯಾಷನಲ್ 56, ಲೇಬರ್ 46, ನ್ಯೂಜಿಲೆಂಡ್ ಫಸ್ಟ್ 9, ಗ್ರೀನ್ 8, ಆಕ್ಟ್ 1. ನ್ಯಾಷನಲ್‌ಗೆ ಐದೇ ಸೀಟು ಕಮ್ಮಿ. ನಿಮ್ಮ ವಿಧಾನದಲ್ಲಿ ಸರ್ಕಾರ ಅವರದ್ದೇ ಅನಿಸುತ್ತದೆ, ಅಲ್ವಾ? ಈಗ ದಾರಿಗಳನ್ನು ಎಣಿಸಿ. ಗ್ರೀನ್ ಪಕ್ಷ ನ್ಯಾಷನಲ್ ಜೊತೆ ಹೋಗುವ ಮನಸ್ಸಿನಲ್ಲಿ ಇರಲಿಲ್ಲ, ಅದಕ್ಕೆ ಲೇಬರ್ ಒಂದೇ ದಾರಿ. ನ್ಯಾಷನಲ್‌ಗೂ ಲೇಬರ್‌ಗೂ ನ್ಯೂಜಿಲೆಂಡ್ ಫಸ್ಟ್ ಇಲ್ಲದೆ ದಾರಿಯೇ ಇಲ್ಲ. ಆ ಒಂಬತ್ತು ಸೀಟಿನ ಪಕ್ಷಕ್ಕೆ ಮಾತ್ರ ಎರಡು ದಾರಿ: ನ್ಯಾಷನಲ್ ಜೊತೆ 65, ಲೇಬರ್ ಮತ್ತು ಗ್ರೀನ್ ಜೊತೆ 63. ಅದರ ನಾಯಕ ವಿನ್‌ಸ್ಟನ್ ಪೀಟರ್ಸ್ ಲೇಬರ್ ಕಡೆ ಹೋದರು. ಜಸಿಂಡಾ ಆರ್ಡರ್ನ್ ಪ್ರಧಾನಿಯಾದರು. 56 ಸೀಟಿನ ಪಕ್ಷ ವಿರೋಧ ಪಕ್ಷದ ಸಾಲಿನಲ್ಲಿ ಕೂತಿತು.

ಇಂಥ ಕಡೆ ಪೀಟರ್ಸ್ ಯಾವ ಕಡೆ ಹೋಗುತ್ತಾರೆ ಅಂತ ಮೊದಲೇ ಖಚಿತವಾಗಿ ಹೇಳೋಕೆ ಆಗಲ್ಲ. ಆದರೆ ಇದು ಹೆಚ್ಚು ಕಡಿಮೆ ಸಮ ಸಮ ಇದೆ ಅಂತ ಹೇಳಬಹುದು. ನ್ಯಾಷನಲ್‌ಗೆ 90% ಸಾಧ್ಯತೆ ಕೊಡುವುದಕ್ಕಿಂತ ಅದು ಎಷ್ಟೋ ಒಳ್ಳೆಯ ಊಹೆ.

ಇನ್ನೊಂದು ಎಚ್ಚರಿಕೆ. ಕಿಂಗ್‌ಮೇಕರ್ ಅಂತ ಟಿವಿಯಲ್ಲಿ ಕರೆದ ಮಾತ್ರಕ್ಕೆ ಆ ಪಕ್ಷಕ್ಕೆ ಎರಡು ದಾರಿ ಇದೆ ಅಂತ ಅಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ಲಿಬರಲ್ ಡೆಮಾಕ್ರಾಟ್‌ಗಳಿಗೆ 57 ಸೀಟು ಬಂತು. ಲೇಬರ್‌ನ 258 ಸೇರಿಸಿದರೆ 315. ಬೇಕಾದದ್ದು 326. ಆ ಕಡೆ ಹೋಗಬೇಕಾದರೆ ಇನ್ನೂ ಕೆಲವು ಸಣ್ಣ ಪಕ್ಷಗಳನ್ನು ಕಟ್ಟಿಕೊಳ್ಳಬೇಕಿತ್ತು. ಕನ್ಸರ್ವೇಟಿವ್ ಜೊತೆ ಲೆಕ್ಕ ಸಲೀಸಾಗಿ ಕೂಡುತ್ತಿತ್ತು, ಸರ್ಕಾರ ಆದದ್ದೂ ಅದೇ.

ದಾರಿ ಎಣಿಸುವ ಮೊದಲು ಮುಚ್ಚಿದ ದಾರಿಗಳನ್ನು ಹೊಡೆದುಹಾಕಿ. ಜರ್ಮನಿಯ 2025ರ ಚುನಾವಣೆಯಲ್ಲಿ 630 ಸೀಟು, ಬಹುಮತಕ್ಕೆ 316. ಬಲಮಧ್ಯದ ಸಿಡಿಯು-ಸಿಎಸ್‌ಯು ಬಣ 208, ತೀವ್ರ ಬಲಪಂಥದ ಎಎಫ್‌ಡಿ 152, ಎಡಮಧ್ಯದ ಎಸ್‌ಪಿಡಿ 120, ಗ್ರೀನ್ 85, ಎಡಪಕ್ಷ 64. ಎಎಫ್‌ಡಿ ಜೊತೆ ಸರ್ಕಾರ ಮಾಡಲ್ಲ ಅಂತ ಉಳಿದವರೆಲ್ಲ ಹೇಳಿದ್ದರು. ಆ ಗೆರೆ ಹಾಕಿದ ಮೇಲೆ ಎರಡೇ ಬಣದ ಬಹುಮತ ಉಳಿದದ್ದು ಒಂದೇ: 208 ಮತ್ತು 120 ಸೇರಿ 328. ಅಲ್ಲಿ ನಿಜವಾದ ಪ್ರಶ್ನೆ ಮತ ಎಣಿಕೆಯ ರಾತ್ರಿಯೇ ಇತ್ತು. ಬಿಎಸ್‌ಡಬ್ಲ್ಯು ಅನ್ನೋ ಹೊಸ ಪಕ್ಷ ಸಂಸತ್ತಿಗೆ ಬರಲು ಬೇಕಾದ 5% ಮತದ ಮಿತಿಯನ್ನು ಕೂದಲೆಳೆಯಲ್ಲಿ ದಾಟದೆ ಹೋಯಿತು. ಅದು ದಾಟಿದ್ದರೆ ಸೀಟು ಹಂಚಿಕೆಯೇ ಬದಲಾಗಿ, ಮೂರನೇ ಪಕ್ಷ ಬೇಕಾಗುತ್ತಿತ್ತು. ಹಾಗಾಗಿ ಕನಿಷ್ಠ ಮತದ ಮಿತಿ ಇರುವ ದೇಶಗಳಲ್ಲಿ ಅಂಚಿನಲ್ಲಿರುವ ಪಕ್ಷಗಳನ್ನೇ ಮೊದಲು ನೋಡಿ.

"ಅವರ ಜೊತೆ ಸೇರಲ್ಲ" ಅನ್ನೋ ಮಾತು ಎಷ್ಟು ಗಟ್ಟಿ? ನನ್ನ ಮಟ್ಟಿಗೆ ಇಡೀ ಆಟದಲ್ಲಿ ಕಷ್ಟದ ಕೆಲಸ ಇದೇ. ಪ್ರಚಾರದ ಭಾಷಣದಲ್ಲಿ ಹೇಳಿದ್ದಕ್ಕೆ ಕಮ್ಮಿ ಬೆಲೆ ಕೊಡಿ. ಪಕ್ಷದ ಸಭೆಯಲ್ಲಿ ನಿರ್ಣಯ ಮಾಡಿದ್ದಕ್ಕೆ ಜಾಸ್ತಿ ಕೊಡಿ. ಅದಕ್ಕಿಂತ ಮುಖ್ಯವಾಗಿ, ಆ ಮಾತು ಉಳಿಸಿಕೊಂಡರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. ಜರ್ಮನಿಯಲ್ಲೇ 2017ರಲ್ಲಿ ಎಸ್‌ಪಿಡಿ ಫಲಿತಾಂಶದ ರಾತ್ರಿಯೇ ವಿರೋಧ ಪಕ್ಷದಲ್ಲಿ ಕೂರುತ್ತೇವೆ ಅಂದಿತ್ತು. ನವೆಂಬರ್‌ನಲ್ಲಿ ಎಫ್‌ಡಿಪಿ ಅನ್ನೋ ಸಣ್ಣ ಪಕ್ಷ ಸಿಡಿಯು-ಸಿಎಸ್‌ಯು ಮತ್ತು ಗ್ರೀನ್ ಜೊತೆಗಿನ ಮಾತುಕತೆಯಿಂದ ಎದ್ದು ಹೋಯಿತು. ಆಮೇಲೆ ಉಳಿದದ್ದು ಮರುಚುನಾವಣೆ, ಅಲ್ಪಮತದ ಸರ್ಕಾರ, ಇಲ್ಲವೇ ಎಸ್‌ಪಿಡಿ. 2018ರ ಮಾರ್ಚ್‌ನಲ್ಲಿ ಎಸ್‌ಪಿಡಿ ಸರ್ಕಾರದ ಒಳಗಿತ್ತು. ಐರ್ಲೆಂಡಿನ ಫಿಯಾನಾ ಫಾಲ್ ಮತ್ತು ಫಿನೆ ಗೇಲ್ ಅಂತರ್ಯುದ್ಧದ ಕಾಲದಿಂದ ಎದುರಾಳಿಗಳು. 2020ರಲ್ಲಿ ಇಬ್ಬರಿಗೂ ಶಿನ್ ಫೇನ್ ಅನ್ನೋ ಮೂರನೇ ದೊಡ್ಡ ಪಕ್ಷ ಬೇಡವಾಗಿತ್ತು. ಕೊನೆಗೆ ಗ್ರೀನ್ ಪಕ್ಷವನ್ನೂ ಸೇರಿಸಿಕೊಂಡು ಇಬ್ಬರೂ ಒಂದೇ ಸಂಪುಟದಲ್ಲಿ ಕೂತರು, ಪ್ರಧಾನಿ ಪಟ್ಟವನ್ನು ಸರದಿಯಲ್ಲಿ ಹಂಚಿಕೊಂಡರು. ಬೇರೆ ದಾರಿಗಳೆಲ್ಲ ಮುಚ್ಚಿದಾಗ ಮೊದಲು ಮೆತ್ತಗಾಗುವುದು ಈ ಇಲ್ಲ ಅನ್ನೋ ಮಾತೇ.

ಇನ್ನು ಪ್ರಧಾನಿ ಅಥವಾ ಮುಖ್ಯಮಂತ್ರಿ ಕುರ್ಚಿಯ ವಿಷಯ. ಹೀಗೆ ಊಹೆ ಮಾಡುವ ನಮ್ಮ ಗುಂಪಿನಲ್ಲಿ ಅನೇಕರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅನ್ನೋದು ನನಗೆ ಬೇಸರ. ಮಹಾರಾಷ್ಟ್ರದಲ್ಲಿ 2019ರಲ್ಲಿ ಬಿಜೆಪಿ 105, ಶಿವಸೇನೆ 56. ಚುನಾವಣಾಪೂರ್ವ ಮೈತ್ರಿ ಇತ್ತು, ಬೇಕಾದ 145ನ್ನು ಆರಾಮಾಗಿ ದಾಟಿತ್ತು. ಸೀಟು ಮಾತ್ರ ನೋಡಿದವರಿಗೆ ಅಲ್ಲಿ ಊಹಿಸೋಕೆ ಏನೂ ಉಳಿದಿರಲಿಲ್ಲ. ಆದರೆ ಮುಖ್ಯಮಂತ್ರಿ ಸ್ಥಾನದ ಜಗಳದಲ್ಲಿ ಮೈತ್ರಿ ಮುರಿಯಿತು. ಶಿವಸೇನೆಗೆ ಎರಡನೇ ದಾರಿ ಇತ್ತು: ಎನ್‌ಸಿಪಿಯ 54, ಕಾಂಗ್ರೆಸ್‌ನ 44 ಸೇರಿದರೆ 154. ಆ ದಾರಿಯಲ್ಲಿ ಉದ್ಧವ್ ಠಾಕ್ರೆಗೆ ಮುಖ್ಯಮಂತ್ರಿ ಪಟ್ಟವೂ ಸಿಕ್ಕಿತು. ಕರ್ನಾಟಕದ 2018 ಕೂಡ ಹೀಗೇ. 104 ಸೀಟಿನ ಬಿಜೆಪಿಯನ್ನು ದೂರ ಇಡಬೇಕು ಅಂತ ಕಾಂಗ್ರೆಸ್ ತನಗಿಂತ ಅರ್ಧದಷ್ಟೂ ಇಲ್ಲದ 37 ಸೀಟಿನ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟಿತು. ಆದ್ದರಿಂದ ಪ್ರತಿ ಕೂಟದ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ: ಕುರ್ಚಿಯನ್ನು ಯಾರು ಯಾರಿಗೆ ಬಿಡಬಲ್ಲರು? ಉತ್ತರ ಸಿಗದಿದ್ದರೆ ಆ ಕೂಟಕ್ಕೆ ಕೊಟ್ಟ ಸಾಧ್ಯತೆ ಇಳಿಸಿ. ಉಳಿದ ಖಾತೆಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಅವು ಸಾಮಾನ್ಯವಾಗಿ ಸೀಟಿನ ಪ್ರಮಾಣದಲ್ಲೇ ಹಂಚಿಕೆಯಾಗುತ್ತವೆ.

ನಿಯಮವನ್ನೂ ಓದಿ. ಎಲ್ಲ ಕಡೆ ಅರ್ಧಕ್ಕಿಂತ ಒಂದು ಜಾಸ್ತಿ ಬೇಕು ಅಂತಿಲ್ಲ. ಸ್ಪೇನಿನಲ್ಲಿ ಪ್ರಧಾನಿಯನ್ನು ಆರಿಸುವ ಮತದಾನದ ಎರಡನೇ ಸುತ್ತಿಗೆ ವಿರುದ್ಧಕ್ಕಿಂತ ಪರವಾಗಿ ಹೆಚ್ಚು ಮತ ಬಿದ್ದರೆ ಸಾಕು. 2020ರ ಜನವರಿಯಲ್ಲಿ ಪೆಡ್ರೊ ಸ್ಯಾಂಚೆಜ್ 167-165ರಲ್ಲಿ ಗೆದ್ದರು, 18 ಮಂದಿ ತಟಸ್ಥರಾಗಿ ಉಳಿದರು. 350 ಸದಸ್ಯರ ಸದನದಲ್ಲಿ 176ಕ್ಕೆ ಕಾದು ಕೂತವರ ಲೆಕ್ಕ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಡೆನ್ಮಾರ್ಕ್‌ನಲ್ಲಿ ಬಹುಮತ ವಿರುದ್ಧ ನಿಲ್ಲದಿದ್ದರೆ ಸಾಕು, ಅದಕ್ಕೇ ಅಲ್ಲಿ ಅಲ್ಪಮತದ ಸರ್ಕಾರಗಳು ಮಾಮೂಲಿ. ಇಂಥ ಕಡೆ ಬಾಹ್ಯ ಬೆಂಬಲ ಕೊಡುವವರು, ಸುಮ್ನೆ ಕೂರುವವರು ಯಾರು ಅಂತ ಬೇರೆಯಾಗಿಯೇ ಬರೆದುಕೊಳ್ಳಿ.

ಇಷ್ಟಾದ ಮೇಲೆ ಎರಡು ಮೂರು ಕೂಟಗಳು ಉಳಿಯುತ್ತವೆ. ಅವುಗಳಲ್ಲಿ ಬಹುಮತಕ್ಕೆ ಬೇಕಿಲ್ಲದ ಪಕ್ಷವನ್ನು ಹೊತ್ತುಕೊಳ್ಳದ ಕೂಟಕ್ಕೆ ಸ್ವಲ್ಪ ಜಾಸ್ತಿ ಸಾಧ್ಯತೆ ಕೊಡಿ, ಪಾಲು ಕೇಳುವವರು ಕಮ್ಮಿ ಇದ್ದಷ್ಟು ಒಪ್ಪಂದ ಸುಲಭ. ಬಹುಮತ ಒಂದೆರಡು ಸೀಟಿನದ್ದಾದರೆ ಮಾತ್ರ ಇದನ್ನು ತಿರುಗಿಸಿ, ಆಗ ಪಕ್ಷಾಂತರದ ಭಯಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತಾರೆ. "ಇದ್ಯಾವುದೂ ಅಲ್ಲ, ಮರುಚುನಾವಣೆ" ಅನ್ನೋದಕ್ಕೂ ಒಂದು ಸಾಲು ಇಡಿ. ಸ್ಪೇನ್ 2019ರಲ್ಲಿ ಏಪ್ರಿಲ್‌ನಲ್ಲೂ ನವೆಂಬರ್‌ನಲ್ಲೂ ಮತ ಹಾಕಿತು.

ಯಾವಾಗ ಅನ್ನೋ ಊಹೆಯನ್ನು ಯಾರು ಅನ್ನೋದರ ಜೊತೆ ಬೆರೆಸಬೇಡಿ. ಬೆಲ್ಜಿಯಂನಲ್ಲಿ 2010ರ ಚುನಾವಣೆಯ ನಂತರ ಸರ್ಕಾರ ಬರಲು 541 ದಿನ ಹಿಡಿಯಿತು. ತಡವಾಗುತ್ತಿದೆ ಅಂತ ಮುಂದಿರುವ ಕೂಟದ ಸಾಧ್ಯತೆಯನ್ನು ದಿನಾ ಇಳಿಸುತ್ತಾ ಹೋಗಬೇಡಿ. ಯಾರಾದರೂ ಮಾತುಕತೆಯಿಂದ ಎದ್ದು ಹೋದರೆ, ಅಥವಾ ಹೊಸಬರನ್ನು ಮಾತುಕತೆಗೆ ಕರೆದರೆ ಆಗ ಬದಲಿಸಿ. ಒಪ್ಪಂದಕ್ಕೆ ಸಹಿ ಬಿದ್ದ ದಿನವೂ 100% ಕೊಡಬೇಡಿ. ಎಸ್‌ಪಿಡಿಯಂಥ ಪಕ್ಷಗಳು ಒಪ್ಪಂದವನ್ನು ಸದಸ್ಯರ ಮತಕ್ಕೆ ಹಾಕುತ್ತವೆ, 2018ರಲ್ಲಿ ಅಲ್ಲಿ ಮೂರನೇ ಒಂದು ಭಾಗದಷ್ಟು ಮತ ಬೇಡ ಅಂತಲೇ ಬಿದ್ದಿತ್ತು.